ಮೂರನೇ ಸಾಲಿನ ಚುಕ್ಕೆ

ಪ್ರೊಫೆಸರ್ ಅಡೆಗೊರೊಯೆ ಸಾಹೇಬರು ಬರೆದ ಲೇಖನಗಳು ನಾನೂರ ಹನ್ನೆರಡು. ಬರೆದ ಅಂದರೆ, ಹೆಸರು ಹಾಕಿಸಿಕೊಂಡ. ಅದರಲ್ಲಿ ಅರ್ಧವನ್ನು ಅವರು ಓದಿಯೂ ಇಲ್ಲ ಎಂಬುದು ಇಬಾದಾನಿನ ವೈದ್ಯಕೀಯ ಕಾಲೇಜಿನ ಅವರ ವಿಭಾಗದಲ್ಲಿ ಕಸ ಗುಡಿಸುವವನಿಗೂ ಗೊತ್ತಿತ್ತು. ಆದರೇನು, ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಸಭಾಂಗಣ ತುಂಬಿ ತುಳುಕುತ್ತಿತ್ತು. ಅಲ್ಲಿನ ಸಮಾರಂಭಗಳ ವಾಡಿಕೆಯಂತೆ ಎಲ್ಲರೂ ಒಂದೇ ಥಾನಿನ ನೀಲಿ ಬಟ್ಟೆ ಹೊಲಿಸಿಕೊಂಡು ಬಂದಿದ್ದರು. ಡೋಲಿನವನು ಲೇಖನಗಳ ಸಂಖ್ಯೆಯನ್ನೇ ಬಿರುದು ಮಾಡಿ ಬಾರಿಸುತ್ತಿದ್ದ.

"ಸ್ತನ ಕ್ಯಾನ್ಸರ್ ಒಂದೇ ವಂಶದಲ್ಲಿ ಹೇಗೆ ಇಳಿದು ಬರುತ್ತೆ ಅಂತ ತೋರಿಸಿಕೊಟ್ಟೋರು! ಜಗತ್ತಿನ ಎರಡು ಸಾವಿರ ವಿದ್ವಾಂಸರು ಉಲ್ಲೇಖಿಸಿದ ಹದಿನೇಳನೇ ಕುಟುಂಬ!" ಎಂದು ನಿರೂಪಕ ಮೈಕಿನಲ್ಲಿ ಅರಚಿದ.

ಹಿಂದಿನ ಸಾಲಿನಲ್ಲಿ ಕೂತಿದ್ದ, ಹಜ್ ಮಾಡಿ ಬಂದು ಅಲ್ಹಾಜಾ ಅನ್ನಿಸಿಕೊಂಡಿದ್ದ ಸಿಫಾವುಗೆ ಮೈಯೆಲ್ಲ ಉರಿಯಿತು. ಲೇಖನದಲ್ಲಿ ಹೆಸರಿನ ಬದಲು ಬರೀ ಹದಿನೇಳು ಎಂಬ ಅಂಕಿಯಾಗಿದ್ದ ಆ ಕುಟುಂಬದ ಮನೆಮನೆಗೆ ನಡೆದು ರಕ್ತ ತೆಗೆದ ನರ್ಸು ಅವಳು. ಯಾರಿಗೆ ಕಾಯಿಲೆ ಬಂತು, ಯಾರು ಸತ್ತರು ಎಂದು ಕೇಳಿ ವಂಶವೃಕ್ಷ ಗೀಚಿದವಳೂ ಅವಳೇ. ಲೇಖನದಲ್ಲಿ ಅವಳ ಹೆಸರಿರಲಿಲ್ಲ. ಅದು ಹಾಳಾಗಿ ಹೋಗಲಿ. ಆ ಮನೆಯ ಅರಿನೋಲಾ ಹತ್ತೊಂಬತ್ತನೇ ವಯಸ್ಸಿನಲ್ಲಿ ರಕ್ತ ಕೊಡಲು ತೋಳು ಚಾಚಿದ್ದಳು. ಈಗ ಅವಳಿಗೆ ಮೂವತ್ತೊಂದು. ಅವಳ ತಾಯಿಗೆ ಎದೆಯಲ್ಲಿ ಗಂಟು ಕಂಡದ್ದು ಮೂವತ್ನಾಲ್ಕಕ್ಕೆ; ಅದರಲ್ಲೇ ಸತ್ತಳು. ಸಿಕ್ಕಾಗಲೆಲ್ಲ ಅರಿನೋಲಾ, "ಅಮ್ಮಾ, ನನ್ನ ರಕ್ತದ ಫಲಿತಾಂಶ ಬಂತಾ?" ಅನ್ನುತ್ತಿದ್ದಳು. "ಬರುತ್ತೆ ಮಗಳೇ" ಎಂದು ಸಿಫಾವು ಮೂಗಿಗೆ ತುಪ್ಪ ಸವರುತ್ತಿದ್ದಳು.

ಫಲಿತಾಂಶ ಬಂದು ಹನ್ನೊಂದು ವರ್ಷವಾಗಿತ್ತು. ಅವಳಿಗೆ ಹೇಳಲೇ ಎಂದು ಸಿಫಾವು ಮೂರು ಸಲ ಸಾಹೇಬರನ್ನು ಕೇಳಿದ್ದಳು. "ಅದು ಸಂಶೋಧನೆಗೆ ಕೊಟ್ಟ ರಕ್ತ, ಹೇಳೋ ಹಾಗಿಲ್ಲ. ಬಾಯಿ ಬಿಟ್ಟರೆ ಕೆಲಸದಿಂದ ಆಚೆ!" ಎಂದಿದ್ದರು. ಜಪಾನಿನವರಿಗೆ ಹೇಳಬಹುದು, ಕೆನಡಾದವರಿಗೆ ಹೇಳಬಹುದು, ಆಸ್ಪತ್ರೆಯ ಗೇಟಿನೆದುರು ಕೇಕು ಮಾರುವ ಅರಿನೋಲಾಗೆ ಹೇಳಬಾರದು! ಥೂ, ಇದೂ ಒಂದು ನಿಯಮ. ಹೆದರಿ ಮುಚ್ಚಿಕೊಂಡಿದ್ದ ತನ್ನ ಬಾಯಿಗೂ ಥೂ ಅಂದುಕೊಂಡಳು ಸಿಫಾವು.

ಇವತ್ತಿನ ಕೇಕಿನ ಕೆಲಸವನ್ನಾದರೂ ಅರಿನೋಲಾಗೆ ಕೊಡಿ ಎಂದು ಸಮಿತಿಯವರಿಗೆ ಹೇಳಿದವಳು ಅವಳೇ. ಕೇಕಿನ ಮೇಲೆ ಏನು ಬರೆಸುತ್ತಾರೆಂದು ಕೇಳಿರಲಿಲ್ಲ.

ಮುಚ್ಚಳ ತೆಗೆದರು. ಬಿಳಿ ಸಕ್ಕರೆಯ ಮೇಲೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ನಡುವೆ ಗೆರೆ. ಹದಿನೇಳನೇ ಕುಟುಂಬದ ವಂಶವೃಕ್ಷ! ಕಾಯಿಲೆ ಬಂದವರ ವೃತ್ತಗಳಿಗೆ ಚಾಕೊಲೇಟು ತುಂಬಿತ್ತು. ಜನ ಚಪ್ಪಾಳೆ ತಟ್ಟಿದರು. ಸಿಫಾವು ಕುರ್ಚಿ ಬಿಟ್ಟೆದ್ದಳು. ಮಗಳ ಕೈಯಲ್ಲೇ ತಾಯಿಯ ಸಾವು ಬರೆಸಿದ್ದಾರಲ್ಲ ಈ ಪಾಪಿಗಳು!

ಚಾಕು ಹಿಡಿದು ಬಗ್ಗಿದ ಸಾಹೇಬರ ಹುಬ್ಬು ಗಂಟಿಕ್ಕಿತು. "ಯಾರಮ್ಮ ಮಾಡಿದ್ದು ಇದನ್ನ? ಮೂರನೇ ಸಾಲಿನ ಎರಡನೇ ವೃತ್ತದೊಳಗೆ ಚುಕ್ಕೆ ಎಲ್ಲಿ?"

ಅರಿನೋಲಾ ಏಪ್ರನ್ನಿಗೆ ಕೈ ಒರೆಸುತ್ತ ಮುಂದೆ ಬಂದಳು. "ಕ್ಷಮಿಸಿ ಸರ್. ನೀವು ಕೊಟ್ಟ ಚಿತ್ರದಲ್ಲಿ ಶಾಯಿ ಸಿಡಿದಿದೆ ಅಂದ್ಕೊಂಡು ಬಿಟ್ಬಿಟ್ಟೆ."

"ಶಾಯಿಯಂತೆ! ಇಡೀ ಲೇಖನ ನಿಂತಿರೋದೇ ಆ ಚುಕ್ಕೆ ಮೇಲೆ. ಕಾಯಿಲೆ ಇನ್ನೂ ಬಂದಿಲ್ಲ, ಆದ್ರೆ ರಕ್ತದಲ್ಲಿ ದೋಷ ಇದೆ ಅಂತ ಅದರರ್ಥ. ಹಾಕು ಹಾಕು, ಫೋಟೋದವರು ಕಾಯ್ತಿದ್ದಾರೆ."

ಸಭೆ ನಕ್ಕಿತು. ಅರಿನೋಲಾ ಒಂದು ಚಾಕೊಲೇಟು ಕಾಳು ತೆಗೆದಳು. ಅಷ್ಟರಲ್ಲಿ ಸಿಫಾವು ದಡದಡ ಬಂದು ಅವಳ ಮಣಿಕಟ್ಟು ಹಿಡಿದಳು.

"ಹಾಕೋ ಮುಂಚೆ ತಿಳ್ಕೋ, ಮಗಳೇ. ಮೇಲಿರೋ ಕಪ್ಪು ವೃತ್ತ ನಿನ್ನಮ್ಮ. ಪಕ್ಕದ್ದು ನಿನ್ನ ಚಿಕ್ಕಮ್ಮ. ಆ ಚುಕ್ಕೆ ನೀನು."

ಡೋಲು ನಿಂತಿತು.

"ಅಲ್ಹಾಜಾ! ನಿಯಮ ಇದೆ!" ಎಂದು ಸಾಹೇಬರು ಗದರಿದರು.

"ನಿಮ್ಮ ನಿಯಮಕ್ಕಿಷ್ಟು ಬೆಂಕಿ ಹಾಕ! ತಗೊಳ್ಳಿ ನಿಮ್ಮ ಕೆಲಸಾನ. ಸೋಮವಾರ ಇವಳನ್ನ ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ವರ್ಷವರ್ಷ ಪರೀಕ್ಷೆ ಮಾಡಿಸಿದ್ರೆ ಬದುಕೋಕೆ ದಾರಿ ಇದೆ. ಇಷ್ಟು ಹೇಳೋಕೆ ನಾನೂರ ಹನ್ನೆರಡು ಲೇಖನ ಬೇಕಿತ್ತಾ?"

ಅರಿನೋಲಾ ಕೇಕನ್ನೇ ನೋಡುತ್ತ ನಿಂತಳು. "ಎಷ್ಟು ವರ್ಷದಿಂದ ಗೊತ್ತಿತ್ತು ಸರ್?"

ಸಾಹೇಬರು ಫೋಟೋದವನ ಕಡೆ ನೋಡಿದರು.

"ಹನ್ನೊಂದು" ಎಂದಳು ಸಿಫಾವು.

"ಎರಡು ಸಾವಿರ ಜನಕ್ಕೆ ಗೊತ್ತು. ನಾನು ದಿನಾ ನಿಮ್ಮ ಗೇಟಿನ ಮುಂದೇನೇ ಕೂತಿರ್ತೀನಲ್ಲ ಸರ್."

ಅರಿನೋಲಾ ಸಾಹೇಬರ ಕೈಯಿಂದ ಚಾಕು ಕಿತ್ತುಕೊಂಡು ಮೇಜಿನ ಮೇಲಿಟ್ಟಳು. ಕೇಕಿಗೆ ಮುಚ್ಚಳ ಹಾಕಿದಳು. "ಇವರು ನಮ್ಮ ಮನೆಯವರು. ನಿಮಗೆ ಕತ್ತರಿಸೋಕೆ ಕೊಡಲ್ಲ."

ಕೇಕಿನ ಹಲಗೆಯ ಒಂದು ತುದಿಯನ್ನು ಅವಳು, ಇನ್ನೊಂದನ್ನು ಸಿಫಾವು ಹಿಡಿದು ಬಾಗಿಲ ಕಡೆ ನಡೆದರು. ನೀಲಿ ಬಟ್ಟೆಯವರೆಲ್ಲ ಕಾಲು ಹಿಂದೆಳೆದುಕೊಂಡು ದಾರಿ ಬಿಟ್ಟರು.