ಜಗಲಿ ಕೆಳಗಿನ ಸಂಸಾರ

ಟೈಲರಮ್ಮನ ಮನೆಯಲ್ಲಿ ಯಾರೂ ಮುಟ್ಟಬಾರದ ವಸ್ತು ಒಂದೇ ಒಂದು: ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಅವಳ ಅಮ್ಮನ ಕಾಲದ್ದು. ಅಣ್ಣ ಚಿಕ್ಕವನಿದ್ದಾಗ ಗಾಳಿಪಟಕ್ಕೆಂದು ಅದರಲ್ಲಿ ಕಾಗದ ಕತ್ತರಿಸಿ, ಅಮ್ಮನ ಕೈಯಲ್ಲಿ ತಿಂದ ಏಟನ್ನು ಈಗಲೂ ನೆನೆಯುತ್ತಾನೆ. ಕತ್ತರಿ ಮಗಳ ಕೈಗೆ ಬಂದಾಗ ಕಾನೂನೂ ಅದರ ಜೊತೆಗೇ ಬಂತು.

ಉಳಿದಂತೆ ಆ ಮನೆಗೆ ಯಾರು ಬೇಕಾದರೂ ಬರಬಹುದು. ಊರಾಚೆ, ಕಾಡಿನ ಅಂಚಿಗೆ ಒಂಟಿ ಮನೆ. ಹಿತ್ತಲಿಗೆ ಮೊಲ ಬರುತ್ತದೆ, ಬೇಲಿ ಪಕ್ಕದಲ್ಲಿ ನರಿ ಹಾದುಹೋಗುತ್ತದೆ. ಜಗಲಿಯ ಕೆಳಗಿನ ಬಿಲದಲ್ಲಿ ಒಂದು ಮುಂಗುಸಿ ಸಂಸಾರ ಹೂಡಿದೆ. ಮೇಲೆ ಟೈಲರಮ್ಮ ಮಿಷನ್ ತುಳಿಯುತ್ತಾಳೆ, ಕೆಳಗೆ ಅದು ಮರಿ ಸಾಕುತ್ತದೆ. ಅದು ಬಂದ ಮೇಲೆ ಗಿರಾಕಿಗಳ ಬಟ್ಟೆಗೆ ಇಲಿ ಬಾಯಿ ಹಾಕಿದ್ದೇ ಇಲ್ಲ. ಹೊಲಿಗೆಯವಳಿಗೆ ಇದಕ್ಕಿಂತ ಇನ್ನೇನು ಬೇಕು?

ಆದರೆ ಅವಳ ಗಂಡ ತೀರಿಕೊಂಡಾಗಿನಿಂದ ಅಣ್ಣನದು ಒಂದೇ ರಾಗ. ಅವನು ಪಟ್ಟಣದಲ್ಲಿ ಹೆಸರು ಮಾಡಿದ ಗಾರೆ ಮೇಸ್ತ್ರಿ. ಈ ಸಲ ಅವಳನ್ನು ಕರೆದುಕೊಂಡೇ ಹೋಗುವುದೆಂದು ಬಂದಿದ್ದ.

"ನೋಡು ಪುಟ್ಟಿ, ಈ ಪ್ರಾಣಿಗಳ ಮಧ್ಯೆ ಒಬ್ಬಳೇ ಇರೋದು ಬೇಡ. ನಮ್ಮನೆ ಮಹಡಿ ಮೇಲೆ ರೂಮ್ ಖಾಲಿ ಇದೆ."

"ಎರಡು ದಿನ ಇದ್ದು ನೋಡಣ್ಣ. ಒಂದೇ ಒಂದು ಸಲ ನಿನ್ನ ಎದೆ ಝಲ್ ಅಂದ್ರೂ ಸರಿ, ಮಿಷನ್ ಕಟ್ಟಿಕೊಂಡು ನಿನ್ನ ಹಿಂದೆ ಬಂದುಬಿಡ್ತೀನಿ."

ತಲೆಗೂದಲು ನರೆತ ತಂಗಿ ಅಣ್ಣನಿಗೆ ಇನ್ನೂ ಪುಟ್ಟಿಯೇ. ಆದರೆ ಪುಟ್ಟಿ ಕೊಟ್ಟ ಮಾತು ತಪ್ಪುವವಳಲ್ಲ, ಅದು ಅವನಿಗೂ ಗೊತ್ತು. ಮೊದಲ ದಿನ ನರಿ ಕಂಡಾಗ ಅವನು ಟೀ ಲೋಟ ಕೆಳಗಿಡದೆ, "ಥೇಟ್ ನಾಯಿ ಥರಾನೇ ಇದೆ" ಎಂದ. ಟೈಲರಮ್ಮ ಗೆದ್ದೆ ಎಂದುಕೊಂಡಳು.

ಮರುದಿನ ಅವಳು ಹೊಲಿದ ಯೂನಿಫಾರ್ಮ್‌ಗಳನ್ನು ಶಾಲೆಗೆ ಕೊಡಲು ಹೋದಳು. ಮೇಸ್ತ್ರಿಗೆ ಕೈ ಕಟ್ಟಿ ಕೂತು ಅಭ್ಯಾಸವಿಲ್ಲ. ಹಿತ್ತಲಲ್ಲಿ ಉಳಿದಿದ್ದ ಅರ್ಧ ಮೂಟೆ ಸಿಮೆಂಟ್ ಕಣ್ಣಿಗೆ ಬಿತ್ತು. ಕೆಲಸದ ಚೀಲವಂತೂ ಅವನು ಹೋದಲ್ಲೆಲ್ಲ ಜೊತೆಗಿರುತ್ತದೆ. ಅವಳು ವಾಪಸಾದಾಗ ಅವನು ಕರಣೆ ತೊಳೆಯುತ್ತಿದ್ದ.

"ಇನ್ನು ಇಡೀ ಮನೇಲಿ ಇರುವೆ ನುಸುಳೋಕೂ ಜಾಗ ಇಲ್ಲ, ನೋಡ್ಕೋ!"

ಟೈಲರಮ್ಮ ನೋಡಿದಳು. ಜಗಲಿಯ ಕೆಳಗೆ ಬಿಲವಿದ್ದ ಜಾಗದಲ್ಲಿ ನುಣ್ಣನೆಯ ಹಸಿ ಗಾರೆ. ಅಷ್ಟರಲ್ಲಿ ಬೇಲಿಯಿಂದ ಮುಂಗುಸಿ ಬಂತು. ಬಾಯಲ್ಲಿದ್ದ ಇಲಿಯನ್ನು ಕೆಳಗೆ ಹಾಕಿ ಗೋಡೆಯನ್ನು ಪರಪರ ಕೆರೆಯತೊಡಗಿತು. ಆಮೇಲೆ ಮೈಕೂದಲೆಲ್ಲ ನಿಮಿರಿಸಿಕೊಂಡು ಮೇಸ್ತ್ರಿಯ ಕಡೆ ತಿರುಗಿತು.

ಆರಾಳಿನ ಕೆಲಸ ಒಬ್ಬನೇ ಮಾಡುವ ಗಂಡಸು ಒಂದೇ ನೆಗೆತಕ್ಕೆ ಬೆಂಚು ಹತ್ತಿದ. "ಅಯ್ಯಯ್ಯೋ, ಮೈಮೇಲೆ ಬರುತ್ತೆ ಪುಟ್ಟಿ! ನನ್ನ ಎದೆ ಝಲ್ ಅಂತು. ಮುಗೀತು, ಮಿಷನ್ ಕಟ್ಟು!"

"ಕಟ್ಟೋಣ. ಮೊದಲು ಒಳಗಿರೋ ಮರಿಗಳನ್ನ ಬಿಡಿಸೋಣ."

ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಅವಳು ಮಂಡಿಯೂರಿದಳು. ಸಿಕ್ಕಿದ್ದು ಕತ್ತರಿ. ಅದರ ತುದಿಯನ್ನು ಹಸಿ ಗಾರೆಗೆ ಚುಚ್ಚಿ ಮೀಟಿದಳು. ಒಳಗಿನ ಇಟ್ಟಿಗೆ ಚೂರಿಗೆ ಅಲಗು ಕರ್ರೆಂದು ಉಜ್ಜಿತು.

"ಪುಟ್ಟಿ! ಕತ್ತರಿ! ಅಮ್ಮನ ಕತ್ತರಿ!"

"ಇರಲಿ ಬಿಡಣ್ಣ."

ಮೇಸ್ತ್ರಿ ಬೆಂಚಿನ ಮೇಲಿಂದ ಆ ಕತ್ತರಿಯನ್ನೇ ನೋಡಿದ. ಕಾಗದ ತಾಗಿದ್ದಕ್ಕೆ ಏಟು ಬಿದ್ದ ಕತ್ತರಿ. ಅವನು ಕೆಳಗಿಳಿದು ಬಂದು, "ಸರಿ ಆ ಕಡೆ" ಎಂದು ಕರಣೆಯಲ್ಲಿ ತಾನೇ ಗಾರೆ ಕಿತ್ತ. ಮುಂಗುಸಿ ಪಕ್ಕದಲ್ಲೇ ಗುರುಗುಟ್ಟುತ್ತಿತ್ತು. ಕೊನೆಯ ಇಟ್ಟಿಗೆ ಚೂರು ತೆಗೆದಾಗ ಒಳಗಿಂದ ಚೀಂಗುಟ್ಟುವ ಸದ್ದು ಕೇಳಿಸಿತು. ತಾಯಿ ಅವನ ಎರಡೂ ಕೈಗಳ ನಡುವೆ ನುಗ್ಗಿ ಒಳಗೆ ಹೋಯಿತು. ಅವನು ಕೈ ಎಳೆದುಕೊಳ್ಳಲಿಲ್ಲ.

ಟೈಲರಮ್ಮ ಎದ್ದು ಮಿಷನ್ನಿಗೆ ಹೊದಿಕೆ ಹಾಕತೊಡಗಿದಳು. ಕೊಟ್ಟ ಮಾತು ಮಾತೇ.

"ಏನದು?" ಎಂದ ಅಣ್ಣ.

"ನಿನ್ನ ಎದೆ ಝಲ್ ಅಂತಲ್ಲ."

"ಅಂತು, ಸುಳ್ಳು ಹೇಳಲ್ಲ. ಆದ್ರೆ ಮಾಡಿದ್ದು ನಾನು. ಪಾಪದ ಮುಂಗುಸಿ ತಲೆ ಮೇಲೆ ಗೂಬೆ ಕೂರಿಸೋದು ಬೇಡ. ಆ ಹೊದಿಕೆ ತೆಗಿ."

ಅಷ್ಟು ಹೇಳಿ ಮತ್ತೆ ಗಾರೆ ಕಲೆಸಿದ. ಬಿಲದ ಬಾಯಿಗೆ ದುಂಡನೆಯ ಅಂಚು ಕಟ್ಟಿ, ಮಳೆನೀರು ಒಳಗೆ ಹೋಗದಂತೆ ಇಳಿಜಾರು ಕೊಟ್ಟು, ಶ್ರೀಮಂತರ ಮನೆ ಬಾಗಿಲಿಗೂ ಮಾಡದಷ್ಟು ಅಚ್ಚುಕಟ್ಟಾಗಿ ನಯಮಾಡಿದ.

ಸಂಜೆ ಹೊರಡುವಾಗ ಕತ್ತರಿಯನ್ನು ತನ್ನ ಟವೆಲ್ಲಿನಲ್ಲಿ ಸುತ್ತಿಕೊಂಡ. "ಒಳ್ಳೆ ಕಡೆ ಸಾಣೆ ಹಿಡಿಸ್ತೀನಿ."

"ಆದ ಮೇಲೆ ಹೇಳು, ನಾನೇ ಬಂದು ತಗೋತೀನಿ."

"ನೀನ್ಯಾಕೆ ಬರ್ತೀಯ? ನೀನು ಇಲ್ಲೇ ಇರು. ನಾನೇ ತರ್ತೀನಿ."

ಇಲ್ಲೇ ಇರು. ಆ ಮಾತನ್ನು ಅವನ ಬಾಯಿಂದ ಕೇಳಲು ಅವಳು ಎಷ್ಟು ಕಾದಿದ್ದಳೋ. ಕಣ್ಣು ತುಂಬಿ ಬಂತು. ಅವನು ಗೇಟು ದಾಟಿದ ಮೇಲೆ ಕೂಗಿದಳು:

"ದಾರೀಲಿ ಕಾಗದ ಗೀಗದ ಕತ್ತರಿಸೀಯ, ಜೋಕೆ!"