ಕಲ್ಲಿಗೆ ಹಚ್ಚಿದ ಕುಂಕುಮ

ಪ್ರವಾಸದ ಮೂರನೆಯ ದಿನಕ್ಕೆಲ್ಲ ಜಯಸಿಂಹನ ಬೆನ್ನು ಕಂಡರೂ ಜಯದೇವಿಗೆ ಹೇಸಿಗೆಯಾಗತೊಡಗಿತ್ತು. ಬೆನ್ನಿನಲ್ಲಿ ತಪ್ಪೇನಿರಲಿಲ್ಲ. ಕೆನೆಬಣ್ಣದ ಒಳ್ಳೆಯ ಜಾಕೆಟ್, ಅದರ ಮೇಲೊಂದು ಕ್ಯಾಮೆರಾ ಚೀಲ. ಆದರೆ ಬೆನ್ನು ತಿರುಗಿದರೆ ಮುಖ ಬರುತ್ತದೆ, ಮುಖ ಬಂದರೆ ಬಾಯಿ ತೆರೆಯುತ್ತದೆ, ಬಾಯಿ ತೆರೆದರೆ ಏನಾದರೊಂದು ಸುಳ್ಳು ಉದುರುತ್ತದೆ ಎಂಬುದು ಅವಳಿಗೆ ಮನದಟ್ಟಾಗಿತ್ತು.

ಹತ್ತು ಜನರ ಗುಂಪು. ಆರು ಮಂದಿ ಶಿಕಾಗೊ ಕಡೆಯವರು, ನಾಲ್ವರು ಡೆಟ್ರಾಯ್ಟ್ ಕಡೆಯವರು. ಶಿಕಾಗೊ ಪಕ್ಕದ ವುಡ್‌ರಿಡ್ಜ್‌ನ ಜಯಸಿಂಹ ವರ್ಷಕ್ಕೊಮ್ಮೆ ಹೀಗೆ ಕನ್ನಡದವರನ್ನು ಕಲೆಹಾಕಿ ಎಲ್ಲಿಗಾದರೂ ಕರೆದೊಯ್ಯುತ್ತಿದ್ದ. ಈ ಸಲ ಜಪಾನ್. ಇವತ್ತು ಕನಜಾವಾ ಎಂಬ ಹಳೆಯ ಊರಿನ ಹಳೆಯ ಕೇರಿಗಳಲ್ಲಿ ಕಾಲ್ನಡಿಗೆ. ದಾರಿ ತೋರಿಸಲು ಮೊರಿತಾ ಎಂಬ ಸ್ಥಳೀಯ ಹೆಂಗಸು ಬಂದಿದ್ದಳು. ಐವತ್ತರ ಆಸುಪಾಸು, ಬೂದು ಕೋಟು, ತಗ್ಗಿದ ದನಿ. ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಜಯಸಿಂಹ ಹಿರಿಯರಿಗಾಗಿ ಕನ್ನಡಕ್ಕೆ ತಿರುಗಿಸುತ್ತಿದ್ದ.

ತಿರುಗಿಸುತ್ತಿದ್ದ ಎನ್ನುವುದಕ್ಕಿಂತ ತಿರುಚುತ್ತಿದ್ದ. ಮರದ ಸಣ್ಣ ಸಣ್ಣ ಸರಳುಗಳ ಮನೆಗಳ ಮುಂದೆ ನಿಂತು ಮೊರಿತಾ, ಬಡವರ ಮನೆಯ ಹೆಣ್ಣುಮಕ್ಕಳನ್ನು ಎಂಟು ಹತ್ತು ವರ್ಷಕ್ಕೇ ಇಲ್ಲಿಗೆ ಮಾರುತ್ತಿದ್ದರು, ಹಾಡು ಕುಣಿತ ಕಲಿಸಿ ಶ್ರೀಮಂತರ ಮುಂದೆ ಕೂರಿಸುತ್ತಿದ್ದರು ಎಂದಳು. ಜಯಸಿಂಹ ತಿರುಗಿ ನಿಂತು, "ಇವೆಲ್ಲ ಹಳೇ ಕಾಲದ ಸಂಗೀತ ಶಾಲೆಗಳು. ಒಳ್ಳೆ ಮನೆತನದ ಹುಡುಗೀರು ಬಂದು ಕಲೀತಿದ್ರಂತೆ. ನಮ್ಮ ಗುರುಕುಲ ಇದ್ದ ಹಾಗೆ," ಎಂದ. ಹಿರಿಯರು ತಲೆದೂಗಿದರು.

ಊರಿನ ಬೀದಿಯಲ್ಲಿ ಎಲ್ಲಿಯೂ ಕಸದ ಡಬ್ಬಿ ಇರಲಿಲ್ಲ. ಅವರವರ ಕಸವನ್ನು ಅವರವರೇ ಮನೆಗೆ ಒಯ್ಯುವುದು ಇಲ್ಲಿಯ ರೂಢಿ ಎಂದು ಮೊರಿತಾ ಬೆಳಿಗ್ಗೆಯೇ ಹೇಳಿದ್ದಳು. ಜಯಸಿಂಹ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಆಕೆಯ ಕೈಗೇ ಕೊಟ್ಟ. ಆಕೆ ಸುಮ್ಮನೆ ತನ್ನ ಚೀಲದಲ್ಲಿ ಹಾಕಿಕೊಂಡಳು. ಅದನ್ನು ನೋಡಿ ಉಳಿದವರೂ ಚಿಪ್ಸ್ ಪೊಟ್ಟಣ, ಮೂಗೊರೆಸಿದ ಕಾಗದ ಎಲ್ಲವನ್ನೂ ಆಕೆಗೆ ದಾಟಿಸತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಆ ಚೀಲ ಬಸುರಿಯ ಹೊಟ್ಟೆಯಂತಾಗಿತ್ತು.

ಜಯದೇವಿಗೆ ಜಪಾನೀ ಭಾಷೆ ತಿಳಿಯುತ್ತಿತ್ತು. ಇದು ಗಂಡ ಮಲ್ಲಪ್ಪನನ್ನು ಬಿಟ್ಟರೆ ಗುಂಪಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡೆಟ್ರಾಯ್ಟ್ ಪಕ್ಕದ ನೋವಾಯ್ ಊರಿನ ತನ್ನ ಮನೆಯಲ್ಲಿ ಅವಳು ಹದಿನೆಂಟು ವರ್ಷ ಚಿಕ್ಕ ಮಕ್ಕಳನ್ನು ನೋಡಿಕೊಂಡಿದ್ದಳು. ಕಾರಿನ ಬಿಡಿಭಾಗ ಮಾಡುವ ಕಂಪನಿಗಳಿಗೆ ಜಪಾನಿನಿಂದ ಬರುವ ಎಂಜಿನಿಯರುಗಳ ಮಕ್ಕಳೇ ಅಲ್ಲಿ ಹೆಚ್ಚು. ಬಂದಾಗ ಆ ಕೂಸುಗಳಿಗೆ ಇಂಗ್ಲಿಷ್ ಬಾರದು, ಇವಳಿಗೆ ಜಪಾನೀ ಬಾರದು. ಅಳು ನಿಲ್ಲಿಸಬೇಕಾದವಳು ಇವಳು, ಆದ್ದರಿಂದ ಕಲಿಯಬೇಕಾದವಳೂ ಇವಳೇ ಆದಳು. ಓದಲಾರಳು, ಬರೆಯಲಾರಳು. ಆದರೆ ಉಣ್ಣು, ಮಲಗು, ಹೊಡೆಯಬೇಡ, ಅವಳ ಗೊಂಬೆ ಅವಳಿಗೆ ಕೊಡು ಎಂಬುದೆಲ್ಲ ಬಾಯಿಗೆ ತಾನಾಗಿ ಬರುತ್ತಿತ್ತು. ವಿಮಾನದಿಂದ ಇಳಿದ ದಿನ ಜಯಸಿಂಹ ಜಪಾನೀ ಭಾಷೆ ತನಗೆ ಕೈಬೆರಳ ತುದಿಯಲ್ಲಿದೆ ಎಂದು ಎದೆ ಉಬ್ಬಿಸಿದಾಗ, ಪಾಪ, ಅವನ ಸಂಭ್ರಮ ಕೆಡಿಸುವುದೇಕೆ ಎಂದು ಸುಮ್ಮನಾಗಿದ್ದಳು. ಆ ಸುಮ್ಮನಿರುವಿಕೆಯೂ ಈಗ ಅವಳಿಗೆ ಹಳಸಿದ ಅನ್ನದಂತೆ ವಾಸನೆ ಬರುತ್ತಿತ್ತು.

ಊಟವಾದ ಮೇಲೆ ಮೊರಿತಾ ಅವರನ್ನು ಒಂದು ಕಿರಿದಾದ ಓಣಿಯ ಬಾಯಿಗೆ ಕರೆತಂದು ನಿಲ್ಲಿಸಿದಳು. ಇಲ್ಲಿ ಅಂಗಡಿಗಳಿಲ್ಲ, ಜನ ವಾಸವಿದ್ದಾರೆ ಎಂದಳು. ನಾನು ಹುಟ್ಟಿದ್ದು ಇದೇ ಓಣಿಯಲ್ಲಿ, ಅದಕ್ಕೇ ಒಳಗೆ ಬಿಡುತ್ತಾರೆ. ಫೋಟೊ ಬೇಡ, ಮೆಲ್ಲಗೆ ಮಾತಾಡಿ. ಹೋದ ತಿಂಗಳು ಒಂದು ದೂರು ಬಂದಿದೆ. ಇನ್ನೊಂದು ಬಂದರೆ ನಾನು ಯಾರನ್ನೂ ಇಲ್ಲಿಗೆ ಕರೆತರುವಂತಿಲ್ಲ.

"ನಿಧಾನಕ್ಕೆ ನಡೀಬೇಕಂತೆ, ಕಲ್ಲು ಜಾರುತ್ತೆ," ಎಂದು ಜಯಸಿಂಹ ಕನ್ನಡದಲ್ಲಿ ಮುಗಿಸಿದ.

ಓಣಿಯ ನಡುವೆ ಒಂದು ಮನೆಯ ಗೋಡೆಗೆ ಒರಗಿಸಿದ ಮರದ ಪುಟ್ಟ ಗೂಡು. ಒಳಗೆ ಮೊಳದುದ್ದದ ಕಲ್ಲಿನ ಮೂರ್ತಿ. ಬೋಳು ತಲೆ, ಸವೆದ ಮೂಗು, ಕೊರಳಿಗೆ ಕೆಂಪು ಬಟ್ಟೆಯ ಜೊಲ್ಲುಪಟ್ಟಿ. ಹಾಲುಗೂಸಾಗಿದ್ದಾಗಲೇ ತೀರಿಹೋದ ಮಕ್ಕಳನ್ನು ಕಾಯುವವನು ಇವನು, ಓಣಿಯ ಹೆಂಗಸರೇ ಪಟ್ಟಿ ಹೊಲಿಯುತ್ತಾರೆ, ಸರದಿಯ ಮೇಲೆ ಗೂಡು ಒರೆಸುತ್ತಾರೆ ಎಂದು ಮೊರಿತಾ ಹೇಳಿದಳು.

"ಇವ್ರು ಜಪಾನಿನ ಗಣೇಶ," ಎಂದ ಜಯಸಿಂಹ.

ಎಪ್ಪತ್ತಾರರ ಇಂದಮ್ಮ ಉಣ್ಣೆಯ ಕೈಗವಸಿನಲ್ಲೇ ಕೈ ಮುಗಿದರು. ಮಗಳು ಸುಚೇತಾ ರಜೆ ಸಿಗದೆ ತಾಯಿಯನ್ನು ಜಯಸಿಂಹನ ಭರವಸೆಯ ಮೇಲೆ ಒಬ್ಬರನ್ನೇ ಕಳಿಸಿದ್ದಳು. ಇಂದಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಚಳಿ ಅವರಿಗೆ ಆಗಿಬರುತ್ತಿರಲಿಲ್ಲ. ಅವತ್ತು ಒಂಬತ್ತೇ ಡಿಗ್ರಿ ಇದ್ದುದರಿಂದ ಬೆಳಿಗ್ಗೆ ಹಾಕಿದ ಕೈಗವಸನ್ನು ಇನ್ನೂ ತೆಗೆದಿರಲಿಲ್ಲ.

ಮೊರಿತಾ ಮುಂದೆ ನಡೆದಳು, ಎಲ್ಲರೂ ಹಿಂದೆ ನಡೆದರು. ಹತ್ತು ಹೆಜ್ಜೆ ಹೋದಮೇಲೆ ಜಯದೇವಿಗೆ ಬೆನ್ನ ಹಿಂದೆ ಜಯಸಿಂಹನ ದನಿ ಕೇಳಿತು. ಅದು ಅವನ ಮಾತಿನ ದನಿಯಲ್ಲ, ಮೊಬೈಲಿನ ಮುಂದೆ ಮಾತ್ರ ತೆಗೆಯುವ ಎಣ್ಣೆ ಹಚ್ಚಿದ ದನಿ. "ನಮಸ್ಕಾರ ಸ್ನೇಹಿತರೆ, ನೋಡಿ, ಜಪಾನಿನ ಬೀದೀಲೂ ನಮ್ಮ ಗಣಪನಿಗೆ ಅಭಿಷೇಕ."

ಅವಳು ತಿರುಗಿ ಓಡಿ ಬರುವಷ್ಟರಲ್ಲಿ ಮುಗಿದಿತ್ತು. ಬಾಟಲಿಯ ನೀರೆಲ್ಲ ಮೂರ್ತಿಯ ತಲೆಯ ಮೇಲೆ. ಹಣೆಗೆ, ಕೆನ್ನೆಗೆ ಮೆತ್ತಿದ ಕುಂಕುಮ ನೀರಿನಲ್ಲಿ ಕರಗಿ ಕಣ್ಣಿನಿಂದ, ಬಾಯಿಯಿಂದ ಇಳಿಯುತ್ತಿತ್ತು. ಮಗುವಿನಂಥ ಆ ಮುಖ ಯಾರೋ ಕಲ್ಲಿನಿಂದ ಜಜ್ಜಿದಂತೆ ಕಾಣುತ್ತಿತ್ತು. ಇಂದಮ್ಮ ತಮ್ಮ ಕುಂಕುಮದ ಡಬ್ಬಿಯನ್ನು ತೆರೆದು ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ಮುಟ್ಟಬಹುದಾ ಅಂತ ಕೇಳ್ದೆ ಕಣಮ್ಮ. ಗೈಡ್ ಒಪ್ಪಿದಾಳೆ ಅಂದ," ಎಂದರು ಅವರು, ಜಯದೇವಿಯ ಮುಖ ನೋಡಿ ಅಳುಕುತ್ತ.

ಅಷ್ಟರಲ್ಲಿ ಆ ಮನೆಯ ಬಾಗಿಲು ಸರಿಯಿತು. ಪೊರಕೆ ಹಿಡಿದ ಮುದುಕಿಯೊಬ್ಬಳು ಹೊರಬಂದಳು. ಕೂಗಲಿಲ್ಲ, ಬೈಯಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಒರೆಸುವ ಬಟ್ಟೆ ತೆಗೆದು ಮೂರ್ತಿಯ ಮುಖ ಒತ್ತತೊಡಗಿದಳು. ಒತ್ತಿದಷ್ಟೂ ಕೆಂಪು ಹರಡಿತು. ಮೊರಿತಾ ಓಡಿ ಬಂದು ಅದನ್ನು ಕಂಡು ಬಿಳಿಚಿಕೊಂಡಳು.

ಎಲ್ಲರಿಗಿಂತ ಮೊದಲು ಬಾಯಿ ತೆರೆದವನು ಜಯಸಿಂಹ. ಬಲಗೈ ಜಾಕೆಟ್ಟಿನ ಜೇಬಿನಲ್ಲಿತ್ತು. ಎಡಗೈಯಿಂದ ಇಂದಮ್ಮನನ್ನು ತೋರಿಸಿ ಇಂಗ್ಲಿಷಿನಲ್ಲಿ ಹೇಳಿದ. ಮಾಡಿದ್ದು ಈಕೆ. ವಯಸ್ಸಾದವರು, ದೈವಭಕ್ತಿ ಜಾಸ್ತಿ, ಎಷ್ಟು ಬೇಡವೆಂದರೂ ಕೇಳಲಿಲ್ಲ. ನಮ್ಮೆಲ್ಲರ ಪರವಾಗಿ ಕ್ಷಮಿಸಿ.

ತಮ್ಮ ಕಡೆ ಬೆರಳು ಬಂದದ್ದು ಕಂಡು ಇಂದಮ್ಮ, ಪರಿಚಯ ಮಾಡಿಸುತ್ತಿದ್ದಾನೆ ಅಂದುಕೊಂಡು ಮುದುಕಿಗೆ ನಗುತ್ತ ನಮಸ್ಕಾರ ಮಾಡಿದರು.

ಜಯದೇವಿ ಉಳಿದವರತ್ತ ನೋಡಿದಳು. ಡೆಟ್ರಾಯ್ಟ್ ಕಡೆಯ ಸೌತ್‌ಫೀಲ್ಡ್‌ನ ಹರಿ ತನ್ನ ಬೂಟು ನೋಡುತ್ತಿದ್ದ. ಅವನ ಹೆಂಡತಿ ವರ್ಷಾ, ದಿನಕ್ಕೆ ಮೂವತ್ತು ರೋಗಿಗಳ ಮಾತು ಕೇಳುವ ಡಾಕ್ಟರು, ಏನೂ ಕೇಳಿಸದವಳಂತೆ ಛತ್ರಿ ಮಡಚುತ್ತಿದ್ದಳು.

ಮೊರಿತಾ ಇಂದಮ್ಮನ ನಗುವನ್ನು ಒಂದು ಕ್ಷಣ ನೋಡಿದಳು. ಆಮೇಲೆ ಮುದುಕಿಯ ಮುಂದೆ ಸೊಂಟದವರೆಗೆ ಬಾಗಿ ಜಪಾನೀ ಭಾಷೆಯಲ್ಲಿ ಹೇಳಿದಳು, "ತಪ್ಪು ನನ್ನದು. ಮಾಡಬಹುದು ಅಂತ ನಾನೇ ಹೇಳಿದೆ."

"ಹಾಗಾದರೆ ನಾಳೆಯಿಂದ ನೀನು ಯಾರನ್ನೂ ಕರೆದುಕೊಂಡು ಬರಬೇಡ," ಎಂದಳು ಮುದುಕಿ.

ಜಯದೇವಿ ಗಂಡನ ತೋಳು ಹಿಡಿದಳು. "ಆಕಿ ಎಲ್ಲಾ ತನ್ನ ಮ್ಯಾಲೆ ಹಾಕ್ಕೊಂಡ್ಳರಿ. ಓಣಿ ಬಂದ್ ಮಾಡಾಕತ್ತಾರ ಆಕಿಗೆ."

"ಸುಮ್ನಿರು," ಎಂದ ಮಲ್ಲಪ್ಪ ಪಿಸುದನಿಯಲ್ಲಿ. "ಇನ್ನ ಐದ ದಿನ ಇವರ ಕೂಡನ ತಿರಗಬೇಕು. ನಾಳೆ ಒಂದ ಬಸ್ಸಿನ್ಯಾಗ ಕುಂಡ್ರೂದದ."

"ಕುಂಡ್ರೂದದ ಖರೇ. ಆದ್ರ ಹೆಂಗ ಕುಂಡ್ರೂದು ಹೇಳ್ರಿ."

ಅವಳು ಜಯಸಿಂಹನ ಹತ್ತಿರ ಹೋದಳು. "ನೀನ ಹೇಳಪಾ. ನಾ ಮಾಡೀನಿ ಅಂತ ಒಂದ ಮಾತು. ಮುಗೀತು."

"ಆಂಟಿ, ಇಶ್ಯೂ ಮಾಡ್ಬೇಡಿ ಪ್ಲೀಸ್," ಎಂದ ಜಯಸಿಂಹ. "ವಯಸ್ಸಾದವರು ಅಂದ್ರೆ ಇವ್ರು ಜಾಸ್ತಿ ಏನೂ ಅನ್ನಲ್ಲ. ನನ್ನ ಹೆಸ್ರು ಬಂದ್ರೆ ಮುಂದಿನ ಟ್ರಿಪ್‌ಗೆಲ್ಲ ಪ್ರಾಬ್ಲಮ್. ಇಂದಮ್ಮ ಆಂಟಿಗೆ ಹೇಗೂ ಇಂಗ್ಲಿಷ್ ಗೊತ್ತಾಗಲ್ಲ, ಬಿಡಿ." ಹೇಳುತ್ತಿದ್ದಂತೆಯೇ ಅವನ ಎಡಗೈ ಹೆಬ್ಬೆರಳು ಫೋನಿನ ಮೇಲೆ ಆಡಿತು. ಈಗ ತೆಗೆದ ವಿಡಿಯೊ ಅಳಿಸಿಹೋಯಿತು.

ನೋವಾಯ್ ಮನೆಯ ಗೋಡೆಗೆ ಮಕ್ಕಳು ಬಣ್ಣ ಮೆತ್ತಿದ್ದು ಕಂಡಾಗ ಜಯದೇವಿ ಎಂದೂ ಯಾರು ಮಾಡಿದ್ದು ಎಂದು ಕೇಳಿದವಳಲ್ಲ. ಕೇಳಿದರೆ ಮಕ್ಕಳು ಹೆದರಿ ಪಕ್ಕದವರ ಹೆಸರು ಹೇಳುತ್ತವೆ. ಅವಳು ನಡುಮನೆಯಲ್ಲಿ ಕೂತು ಮೊದಲು ತನ್ನ ಎರಡೂ ಕೈ ಚಾಚುತ್ತಿದ್ದಳು. ಈಗಲೂ ಹಾಗೇ ಮಾಡಿದಳು. ಓಣಿಯ ನಡುವೆ ನಿಂತು, ಎರಡು ಅಂಗೈ ಮೇಲೆ ಮಾಡಿ ಹಿಡಿದು, ಗಟ್ಟಿಯಾಗಿ ಜಪಾನೀ ಭಾಷೆಯಲ್ಲಿ ಹೇಳಿದಳು, "ಎಲ್ಲರೂ ಕೈ ತೋರಿಸಿ."

ಮೊರಿತಾ ಬೆಚ್ಚಿ ಕೈ ಚಾಚಿದಳು. ಮುದುಕಿ ಕೂಡ, ಯಾಕೆಂದು ತಿಳಿಯದೆ, ಬಟ್ಟೆ ಹಿಡಿದ ಕೈಯನ್ನೇ ಮುಂದೆ ಮಾಡಿದಳು. ಜಯದೇವಿ ಅದನ್ನೇ ಕನ್ನಡದಲ್ಲಿ ಹೇಳಿದಳು. ಮಲ್ಲಪ್ಪ ಒಂದು ನಿಟ್ಟುಸಿರು ಬಿಟ್ಟು ಕೈ ನೀಡಿದ.

"ಇದೇನ್ ನರ್ಸರಿ ಸ್ಕೂಲಾ ಆಂಟಿ?" ಎಂದಳು ವರ್ಷಾ. ಆದರೂ ಚಾಚಿದಳು. ಒಬ್ಬೊಬ್ಬರಾಗಿ ಎಲ್ಲರ ಕೈಗಳೂ ಬಂದವು.

"ಗ್ಲೌಸ್ ಬಿಚ್ಚಲೇನಮ್ಮ?" ಎಂದು ಇಂದಮ್ಮ ಕೇಳಿದರು.

"ಬ್ಯಾಡ್ರಿ ಇಂದಮ್ಮಾರ. ಅದರ ಸುದ್ದಾನ ತೋರಸ್ರಿ."

ಬೂದು ಉಣ್ಣೆಯ ಮೇಲೆ ಒಂದು ಚುಕ್ಕೆ ಕೆಂಪಿರಲಿಲ್ಲ. ಈಗ ಉಳಿದದ್ದು ಒಂದೇ ಕೈ, ಅದು ಜೇಬಿನಲ್ಲಿತ್ತು. ಎಲ್ಲರೂ ಆ ಜೇಬನ್ನೇ ನೋಡತೊಡಗಿದರು. ಕೆನೆಬಣ್ಣದ ಬಟ್ಟೆಯ ಮೂಲಕ ಒಳಗಿನಿಂದ ಕೆಂಪು ಜಿನುಗಿತ್ತು. ಕೊನೆಗೆ ಅವನು ಕೈ ತೆಗೆದ. ಮೂರು ಬೆರಳು ಎರಡನೆಯ ಗೆಣ್ಣಿನವರೆಗೆ ಕೆಂಪಗೆ, ಒದ್ದೆಯಾಗಿದ್ದವು.

"ಈತ," ಎಂದಳು ಜಯದೇವಿ ಮುದುಕಿಗೆ. "ಈ ಅಜ್ಜಿ ಅಲ್ಲ. ಮೊರಿತಾ ಅಲ್ಲ."

ಮುದುಕಿ ಆ ಕೈಯನ್ನು ನೋಡಿ ಮೊರಿತಾಳ ಕಡೆ ತಿರುಗಿದಳು. "ನೀನು ನನಗೆ ಸುಳ್ಳು ಹೇಳಿದೆ. ಇಂಥವನಿಗಾಗಿ ಹೇಳಿದೆ. ಇನ್ನು ನಿನ್ನ ಮಾತು ನಂಬಿ ನಾನು ಯಾರನ್ನು ಒಳಗೆ ಬಿಡಲಿ?"

ಮೊರಿತಾ ತಲೆ ತಗ್ಗಿಸಿದಳು. ಜಯದೇವಿ ಕಟ್ಟು ಬಿಡಿಸಲು ಹೋಗಿ ಇನ್ನೊಂದು ಗಂಟು ಹಾಕಿದ್ದಳು. ದೊಡ್ಡವರಿಗೆ ವಿವರಿಸಿ ಹೇಳುವ ಭಾಷೆ ಅವಳಲ್ಲಿರಲಿಲ್ಲ. ಇದ್ದ ಭಾಷೆಯಲ್ಲೇ ಹೇಳಿದಳು, "ಸುಳ್ಳು ಕೆಟ್ಟದ್ದು. ಆದರೆ ಇವನು ಅಜ್ಜಿಯ ಹೆಸರು ಹೇಳಿದ. ಅಜ್ಜಿ ಅಳಬಾರದು ಅಂತ ಮೊರಿತಾ 'ನಾನು' ಅಂದಳು. ಮೊರಿತಾ ಒಳ್ಳೆಯವಳು. ಬೈಯಬೇಡ."

ಮುದುಕಿ ಅವಳನ್ನು ದಿಟ್ಟಿಸಿದಳು. "ಮೂರು ವರ್ಷದ ಕೂಸಿನ ಹಾಗೆ ಮಾತಾಡುತ್ತೀಯಲ್ಲ, ಎಲ್ಲಿ ಕಲಿತೆ?"

"ಮೂರು ವರ್ಷದವರ ಹತ್ತಿರ."

ಮುದುಕಿಯ ತುಟಿಯ ಅಂಚು ಒಂದಿಷ್ಟು ಸಡಿಲವಾಯಿತು. ಮೂರ್ತಿಯ ಒದ್ದೆ ಪಟ್ಟಿ ಹಿಂಡುತ್ತ ಮೊರಿತಾಳಿಗೆ ಹೇಳಿದಳು, "ಬಾ. ಆದರೆ ಮೂರು ನಾಲ್ಕು ಜನ, ಅಷ್ಟೆ. ಫೋನು ಓಣಿಯ ಹೊರಗೆ. ಈತ ಮತ್ತೆ ಈ ಕಡೆ ಕಾಣಬಾರದು."

ಮೊರಿತಾ ಬಾಗಿದವಳು ಏಳಲು ತಡಮಾಡಿದಳು.

ಓಣಿಯಿಂದ ಹೊರಡುವಾಗ ಹರಿ ಜಯದೇವಿಯ ಬಳಿ ಬಂದ. "ಹೊರಗಿನವರ ಮುಂದೆ ನಮ್ಮವರ ಮಾನ ತೆಗೀಬಾರ್ದಿತ್ತು ಆಂಟಿ. ರೂಮಲ್ಲಿ ಕೂತು ಮಾತಾಡಬಹುದಿತ್ತು."

"ಮಾನ ತಗದಾಂವ ಅಂವ. ನಾ ಕೈ ತೋರ್ಸು ಅಂದೀನಿ ಅಷ್ಟ."

ಹರಿ ಮುಂದೆ ನಡೆದ. ಜಯಸಿಂಹನ ಹಿಂದೆ ಒಬ್ಬೊಬ್ಬರೇ ಹೊರಟರು. ಕಲ್ಲು ತೊಳೆಯಲು ಉಳಿದವರು ಮೊರಿತಾ, ಜಯದೇವಿ, ಇಂದಮ್ಮ, ಮತ್ತು ಗೊಣಗುತ್ತಲೇ ಬಕೆಟ್ ಎತ್ತಿಕೊಂಡ ಮಲ್ಲಪ್ಪ. ಮುದುಕಿ ಹಳೆಯ ಹಲ್ಲುಜ್ಜುವ ಬ್ರಷ್ ಕೊಟ್ಟಳು. ಮುಕ್ಕಾಲು ಗಂಟೆ ಉಜ್ಜಿದರೂ ಕಣ್ಣಿನ ಗೆರೆಯಲ್ಲಿ ಕೆಂಪು ಉಳಿಯಿತು. ಅದು ಪೂರ್ತಿ ಹೋಗಲು ಎರಡು ಚಳಿಗಾಲ ಬೇಕು ಎಂದಳು ಮುದುಕಿ.

"ಅವನು ನನ್ನ ಬಗ್ಗೆ ಏನಂದ ಜಯದೇವಿ?" ಎಂದು ಇಂದಮ್ಮ ಕೇಳಿದರು, ಬ್ರಷ್ ನಿಲ್ಲಿಸದೆ.

ಮುಚ್ಚಿಡಬಹುದಿತ್ತು. ಮೂರು ದಿನ ಮುಚ್ಚಿಟ್ಟದ್ದರ ಫಲ ಕಣ್ಣೆದುರಿಗೇ ಇತ್ತು. ಜಯದೇವಿ ಒಂದಕ್ಷರ ಬಿಡದೆ ಹೇಳಿದಳು.

ಇಂದಮ್ಮ ಕೈಗವಸು ಬಿಚ್ಚಿ ಪಕ್ಕಕ್ಕಿಟ್ಟು, ಆ ತಣ್ಣೀರಿನಲ್ಲಿ ಬರಿಗೈ ಅದ್ದಿ ಉಜ್ಜತೊಡಗಿದರು.

ದೊಡ್ಡ ಬೀದಿಗೆ ಬಂದಾಗ ಗುಂಪು ಒಂದು ಅಂಗಡಿಯ ಮುಂದೆ ನಿಂತು ಐಸ್‌ಕ್ರೀಮ್ ತಿನ್ನುತ್ತಿತ್ತು. ಆ ಊರಿನ ವಿಶೇಷ, ಮೇಲೆ ಚಿನ್ನದ ರೇಕು ಹೊದಿಸಿದ್ದು. ಜಯಸಿಂಹ ನೆಕ್ಕುತ್ತ ನಗುತ್ತಿದ್ದ. ಚಿನ್ನದ ಚೂರು ಅವನ ಮೀಸೆಗೆ ಅಂಟಿತ್ತು. ಕರಗಿದ ಹಾಲು ಕೆಂಪು ಬೆರಳುಗಳ ಸಂದಿನಲ್ಲಿ ಇಳಿದು ತೆಳುಗೆಂಪಾಗಿ ಮಣಿಕಟ್ಟಿಗೆ ಹರಿಯುತ್ತಿತ್ತು. ಅವನು ಅದನ್ನೂ ನೆಕ್ಕಿದ. ಜಯದೇವಿ ಮುಖ ತಿರುಗಿಸಿದಳು.

"ಬನ್ನಿ ಬನ್ನಿ ಆಂಟಿ. ಏನೂ ಮನಸ್ಸಲ್ಲಿ ಇಟ್ಕೋಬೇಡಿ," ಎಂದು ಅವನು ಇನ್ನೊಂದು ಕೋನನ್ನು ಇಂದಮ್ಮನ ಮುಂದೆ ಹಿಡಿದ. "ನಿಮಗೂ ಹೇಳಿದೀನಿ. ಪ್ಯೂರ್ ವೆಜ್, ಗೋಲ್ಡು."

ಇಂದಮ್ಮ ಆ ಕೈಯನ್ನು ನೋಡಿದರು. ಚಳಿಗೆ ನೀಲಿಗಟ್ಟಿದ ತಮ್ಮ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡರು.

"ಬೇಡಪ್ಪ. ನೀನು ಹೋಗಿ ಕೈ ತೊಳ್ಕೊ," ಎಂದರು.

ಅವನು ಜೋಕು ಅಂದುಕೊಂಡು ನಕ್ಕ. ಜೊತೆಗೆ ನಗಲು ಹರಿ ಬಾಯಿ ತೆರೆದಿದ್ದ, ಅರ್ಧಕ್ಕೇ ಮುಚ್ಚಿಕೊಂಡ.