ಮೂರನೇ ಪ್ರೆಸ್ಸಿನ ಚೀಟಿ

ಹೆಬ್ಬಾಳದ ಆ ಶೆಡ್ಡಿನಲ್ಲಿ ತಗಡು ಒತ್ತಿ ಕತ್ತರಿಸುವ ಮೂರು ಪ್ರೆಸ್ಸುಗಳಿದ್ದವು. ಮೊದಲೆರಡು ತಗಡು ತಿನ್ನುತ್ತಿದ್ದವು. ಮೂರನೆಯದು ತಗಡಿನ ಜೊತೆಗೆ ಬೆರಳನ್ನೂ ತಿನ್ನುತ್ತಿತ್ತು. ಒಂದೂವರೆ ವರ್ಷಕ್ಕೆ ಏಳು ಬೆರಳು. ಅದರಲ್ಲಿ ಎರಡು ಅಲ್ಲಿಯ ಕೆಲಸಗಾರ ಚಿಕ್ಕಮಾದಯ್ಯನವು.

ಕೈ ಒಳಗಿದ್ದರೆ ಯಂತ್ರ ತಾನಾಗಿ ನಿಲ್ಲಲಿ ಎಂದು ಅದಕ್ಕೊಂದು ಸೆನ್ಸರ್ ಇತ್ತು. ಅದು ಆಗಾಗ ಸುಮ್ಮಸುಮ್ಮನೆ ನಿಲ್ಲಿಸುತ್ತದೆ, ಮಾಲು ಕಡಿಮೆ ಬೀಳುತ್ತದೆ ಎಂದು ಸೂಪರ್‌ವೈಸರ್ ಕರಿಬಸವಯ್ಯ ವೈರು ಕಿತ್ತುಹಾಕಿದ್ದ. ಕಿತ್ತ ವೈರು ದೂರವೇನೂ ಹೋಗಿರಲಿಲ್ಲ. ಪ್ರೆಸ್ಸಿನ ಪಕ್ಕದ ಗೋಡೆಯಲ್ಲೇ ಒಂದು ಮೊಳೆಗೆ ನೇತಾಡುತ್ತಿತ್ತು.

ಆ ಪ್ರೆಸ್ಸಿಗೆ ಯಾರು ಕೂರಬೇಕು ಅನ್ನುವುದು ಕರಿಬಸವಯ್ಯನ ಮರ್ಜಿ. ಎದುರು ಮಾತಾಡಿದವರು, ರಜೆ ಕೇಳಿದವರು, ಚಿಕ್ಕಮಾದಯ್ಯನ ಕೇರಿಯವರು, ಹೀಗೆ ಆರಿಸುತ್ತಿದ್ದ. ಒಂದು ದಿನ ಹದಿನೆಂಟು ಜನರೂ ಕೂರುವುದಿಲ್ಲ ಎಂದು ಹೊರಗೆ ಬಂದು ನಿಂತರು. ಆಗ ಬಂದವನು ಲಿಖಿತ್.

ಲಿಖಿತ್ ಯಜಮಾನರ ಮಗ. ರಾಮಕೃಷ್ಣನಗರದಿಂದ ಕಾರಿನಲ್ಲಿ ಬಂದರೂ ಕುರ್ಚಿ ಕೇಳಲಿಲ್ಲ. ಎಲ್ಲರ ಜೊತೆ ನಿಂತು, ಎಲ್ಲರ ಲೋಟದಲ್ಲೇ ಟೀ ಕುಡಿದ. ನ್ಯಾಯ ಅಂದರೆ ಏನು ಅನ್ನುವುದನ್ನೇ ಎರಡು ವರ್ಷ ಓದಿದವನಂತೆ. ಓದುವುದಕ್ಕೆ ಎಂಥೆಂಥ ವಿಷಯ ಇರುತ್ತವೆ ನೋಡಿ.

"ನೀವು ಕೇಳ್ತಿರೋದು ನ್ಯಾಯ ತಾನೇ?" ಅಂದ. "ನನ್ನ ಜಾಗ ಯಾವುದು ಅಂತ ಗೊತ್ತಿಲ್ಲದೇ ಇದ್ದಾಗ ನಾನು ಯಾವ ನಿಯಮಕ್ಕೆ ಒಪ್ತೀನೋ ಅದೇ ನ್ಯಾಯ. ಇನ್ನು ಮೇಲೆ ಮೂರನೇ ಪ್ರೆಸ್ಸಿಗೆ ಯಾರು ಅಂತ ದಿನಾ ಚೀಟಿ ಎತ್ತೋಣ. ಚೀಟಿಗೆ ಜಾತಿ ಗೊತ್ತಿಲ್ಲ, ಧರ್ಮ ಗೊತ್ತಿಲ್ಲ, ಯಾರು ಯಾರ ಕಡೆಯವರು ಅಂತಾನೂ ಗೊತ್ತಿಲ್ಲ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಸಹಾಯಮೇರಿ. ಹನ್ನೊಂದು ವರ್ಷದಿಂದ ಅಲ್ಲಿ ದುಡಿಯುತ್ತಿದ್ದ ಅವಳನ್ನು ಸಮಾನವಾಗಿ ನೋಡಿದ ಮೊದಲ ಮಾತು ಅದು. ತಪ್ಪದೆ ಚರ್ಚಿಗೆ ಹೋಗುವವಳು, ಮೋಸ ಮಾಡುವುದಿಲ್ಲ ಎಂದು ಚೀಟಿ ಎತ್ತುವ ಕೆಲಸವನ್ನೂ ಅವಳಿಗೇ ಕೊಟ್ಟರು. ಬಿಸ್ಕತ್ತಿನ ತಗಡಿನ ಡಬ್ಬ ಬಂತು. ಹದಿನೆಂಟು ಚೀಟಿ ಬಿದ್ದವು.

ಚಿಕ್ಕಮಾದಯ್ಯ ಒಬ್ಬನೇ ಗೊಣಗಿದ. "ಕಡಿಯೋ ಕುರಿನ ಚೀಟಿ ಎತ್ತಿ ಆರಿಸುದ್ರೆ ಕುರಿಗೇನ್ ಬಂತು ಕಣವ್ವ?"

"ಸುಮ್ನಿರಣ್ಣ, ನಿಂದೊಂದು," ಅಂದಳು ಸಹಾಯಮೇರಿ. ಎಲ್ಲರೂ ನಕ್ಕರು.

ನಾಲ್ಕು ವಾರ ಏನೂ ಆಗಲಿಲ್ಲ. ಐದನೆಯ ಸೋಮವಾರ ಬೆಳಿಗ್ಗೆ ಅವಳ ಕೈಗೆ ಬಂದದ್ದು ತನುಶ್ರೀಯ ಹೆಸರು. ಕೃಷ್ಣಮೂರ್ತಿಪುರಂನ ಒಂದು ಔಟ್‌ಹೌಸಿನಲ್ಲಿ ತಾಯಿಯ ಜೊತೆಗಿದ್ದ ಇಪ್ಪತ್ತೆರಡರ ಹುಡುಗಿ. ಭಾನುವಾರ ಮದುವೆಮನೆಗಳಲ್ಲಿ ಮೆಹೆಂದಿ ಹಾಕುತ್ತಿದ್ದಳು. ಬಳ್ಳಿ ಎಳೆಯುವಾಗ ಅವಳ ಕೈ ಒಮ್ಮೆಯೂ ಕದಲುತ್ತಿರಲಿಲ್ಲ.

"ನನ್ಗೇ ಬಂತಾ ಅಕ್ಕ? ಹೋಗ್ಲಿ ಬುಡಿ. ನಾಳೆ ಇನ್ನೊಬ್ರಿಗೆ," ಎಂದು ಹೋಗಿ ಕೂತಳು.

ಹತ್ತೂಕಾಲಿಗೆ ಒಂದು ಕೂಗು ಕೇಳಿತು. ಸಹಾಯಮೇರಿ ಓಡಿಹೋಗುವ ಹೊತ್ತಿಗೆ ಪ್ರೆಸ್ಸು ಹುಡುಗಿಯ ಬಲಗೈಯನ್ನು ಕಚ್ಚಿಕೊಂಡೇ ನಿಂತಿತ್ತು. ಯಂತ್ರವನ್ನು ಹಿಂದಕ್ಕೆ ಎತ್ತಿಸಲು ಎರಡು ನಿಮಿಷ ಬೇಕಾಯಿತು. ಆ ಎರಡು ನಿಮಿಷವೂ ತನುಶ್ರೀಗೆ ಪ್ರಜ್ಞೆ ಇತ್ತು. ಎತ್ತಿದಾಗ ನಾಲ್ಕು ಬೆರಳು ತಗಡಿನ ಮೇಲೆಯೇ ಉಳಿದವು. ಸಹಾಯಮೇರಿ ಅವನ್ನು ಒಂದೊಂದಾಗಿ ಆರಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡಳು. ಕರಿಬಸವಯ್ಯ ಬಗ್ಗಿ ನೋಡಿದ. ಅವನು ನೋಡಿದ್ದು ಅಚ್ಚು ಮುಕ್ಕಾಗಿದೆಯೇ ಎಂದು.

ಬೆರಳು ಜಜ್ಜಿಹೋಗಿವೆ, ಕೂಡುವುದಿಲ್ಲ ಎಂದರು ಆಸ್ಪತ್ರೆಯವರು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಮೂರನೇ ಪ್ರೆಸ್ಸನ್ನು ಸೀಮೆಎಣ್ಣೆಯಲ್ಲಿ ಒರೆಸಿಟ್ಟಿದ್ದರು. ಮೋಟರು ಆಗಲೇ ತಿರುಗುತ್ತಿತ್ತು. ಡಬ್ಬ ಮೇಜಿನ ಮೇಲಿತ್ತು. ಲಿಖಿತ್ ಬಂದಿದ್ದ. ಅವನ ಕಣ್ಣು ನಿಜವಾಗಿಯೂ ಕೆಂಪಗಿದ್ದವು, ಇಲ್ಲ ಅನ್ನಬಾರದು.

"ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ," ಅಂದ. "ಆದರೆ ಒಂದು ಮಾತು. ಇದು ದುಃಖದ ವಿಷಯ, ಅನ್ಯಾಯ ಅಲ್ಲ. ಯಾರೂ ಅವಳನ್ನ ಬೇಕು ಅಂತ ಕೂರಿಸಲಿಲ್ಲ. ನಿಯಮಕ್ಕೆ ಒಪ್ಪಿದವರು ನೀವು. ಚೀಟಿ ಎತ್ತಿದ್ದೂ ನಿಮ್ಮವರೇ."

ಸಹಾಯಮೇರಿ ತನ್ನ ಕೈ ನೋಡಿಕೊಂಡಳು. ಎತ್ತಿದ ಕೈ ಅವಳದೇ. ಬೆರಳು ಆರಿಸಿದ್ದೂ ಅದೇ ಕೈ.

"ತನುಶ್ರೀದು ತೆಗೆದಾಕಮ್ಮ, ಅವ್ಳಿನ್ನು ಬರಕ್ಕಿಲ್ಲ," ಅಂದ ಕರಿಬಸವಯ್ಯ.

ಸಹಾಯಮೇರಿ ಆ ಚೀಟಿ ಹುಡುಕಿ ತೆಗೆದಳು. ಪೆನ್ನು ಇಸಕೊಂಡು ಚೀಟಿಯ ಹಿಂದೆ ಏನೋ ಬರೆದು, ಮಡಚಿ, ಮತ್ತೆ ಡಬ್ಬಕ್ಕೇ ಹಾಕಿದಳು.

"ಏನದು?" ಅಂದ ಲಿಖಿತ್.

"ಒಂದ್ ಜಾಗ ಖಾಲಿ ಬಿತ್ತಲ್ಲ ಸಾರ್. ನಿಮ್ ಹೆಸ್ರು ಹಾಕ್ದೆ."

ಲಿಖಿತ್ ನಕ್ಕ. "ನಾನು ಪ್ರೆಸ್ಸಿಗೆ ಕೂರೋನಲ್ವಲ್ಲಮ್ಮ."

"ಅದು ಚೀಟಿಗೆ ಗೊತ್ತಿಲ್ಲ ಸಾರ್."

ಅವನು ಬಾಗಿಲ ಕಡೆ ತಿರುಗಿದ. ಚಿಕ್ಕಮಾದಯ್ಯ ಉಳಿದ ಮೂರು ಬೆರಳಿನಲ್ಲೇ ಬಾಗಿಲಿನ ರೋಲಿಂಗ್ ಶಟರ್ ಕೆಳಕ್ಕೆ ಎಳೆದ. ಕರಿಬಸವಯ್ಯ ಕಬ್ಬಿಣದ ರಾಡು ತೆಗೆದುಕೊಂಡು ಸಹಾಯಮೇರಿಯ ಭುಜಕ್ಕೆ ಬಾರಿಸಿದ. ಅದೊಂದೇ ಏಟು ಅವನಿಗೆ ದಕ್ಕಿದ್ದು. ಆಮೇಲೆ ಎಲ್ಲರೂ ಮೇಲೆ ಬಿದ್ದರು. ಹನ್ನೊಂದು ವರ್ಷ ತಲೆ ತಗ್ಗಿಸಿದವರೂ ಹೊಡೆದರು, ನಿನ್ನೆ ಮೊನ್ನೆ ಸೇರಿದವರೂ ಹೊಡೆದರು. ಅವನ ಎರಡು ಹಲ್ಲು ತಗಡಿನ ಚೂರುಗಳ ನಡುವೆ ಬಿದ್ದವು.

ಲಿಖಿತ್‌ನನ್ನು ಕಾಲರ್ ಹಿಡಿದು ಎಳೆತಂದು ಮೂರನೇ ಪ್ರೆಸ್ಸಿನ ಸ್ಟೂಲಿಗೆ ಕೂರಿಸಿದರು. ಇಬ್ಬರು ಅವನ ಬಲಗೈಯನ್ನು ಅಚ್ಚಿನ ಕೆಳಗೆ ಒತ್ತಿ ಹಿಡಿದರು. ಸಹಾಯಮೇರಿ ಅಚ್ಚು ಇಳಿಸುವ ಪೆಡಲಿನ ಪಕ್ಕ ಕಾಲಿಟ್ಟಳು. ಒತ್ತಿಬಿಡಬೇಕು ಅನ್ನಿಸಿತು ಅವಳಿಗೆ. ಸುಳ್ಳೇಕೆ, ತುಂಬಾ ಅನ್ನಿಸಿತು.

ಡಬ್ಬ ಕುಲುಕಿದಳು. "ಹದಿನೆಂಟ್ರಲ್ಲಿ ಒಂದು ಸಾರ್. ನಿಮ್ದು ಬಂದ್ರೆ ಒತ್ತೀನಿ. ಬರ್ದಿದ್ರೆ ಬುಟ್ಬುಡ್ತೀನಿ. ನಮ್ಗೆಷ್ಟೋ ನಿಮ್ಗೂ ಅಷ್ಟೇ. ಹೆಚ್ಚಿಲ್ಲ, ಕಮ್ಮಿ ಇಲ್ಲ."

ಅವಳ ಕೈ ಇನ್ನೂ ಡಬ್ಬದೊಳಗೆ ಹೋಗಿರಲಿಲ್ಲ.

"ಸೆನ್ಸರ್ ಹಾಕ್ರೋ!" ಎಂದು ಕಿರುಚಿದ ಲಿಖಿತ್. "ವೈರ್ ಹಾಕಿ! ಈಗಲೇ ಹಾಕಿ! ಕರಿಬಸವಯ್ಯ!"

ಕರಿಬಸವಯ್ಯ ರಕ್ತ ಉಗುಳುತ್ತ ಎದ್ದು, ಮೊಳೆಯಿಂದ ವೈರು ತೆಗೆದು ಜೋಡಿಸಿದ. ಆರು ನಿಮಿಷ ಹಿಡಿಯಿತು. ಗೋಡೆಯ ಗಡಿಯಾರ ಎಲ್ಲರಿಗೂ ಕಾಣುತ್ತಿತ್ತು. ಬರೀ ಆರು ನಿಮಿಷ.

ಪ್ರೆಸ್ಸಿನ ಮೇಲೆ ಹಸಿರು ದೀಪ ಹತ್ತಿತು. ಇನ್ನು ಬಿಡುತ್ತಾರೆ ಅಂದುಕೊಂಡ ಲಿಖಿತ್. ಅವರು ಕೈ ಬಿಡಲಿಲ್ಲ. ಸಹಾಯಮೇರಿ ಅವನ ಮುಖ ನೋಡುತ್ತಲೇ ಪೆಡಲು ಒತ್ತಿದಳು.

ಅವನು ಕೂಗಿದ ಕೂಗು ತನುಶ್ರೀಯ ಕೂಗಿನ ಹಾಗೇ ಇತ್ತು. ಯಂತ್ರ ಅಲುಗಲಿಲ್ಲ.

"ಕೆಲ್ಸ ಮಾಡ್ತದೆ," ಅಂದಳು. ಆಮೇಲೆ ನೆಲಕ್ಕೆ ಕುಸಿದು ಕೂತು, ಆ ಹುಡುಗಿಯ ಹೆಸರು ಹಿಡಿದು ಗೋಳೋ ಎಂದು ಅತ್ತಳು.

ಕೈ ಬಿಟ್ಟೊಡನೆ ಲಿಖಿತ್ ಫೋನ್ ಮಾಡಿದ, ಅರ್ಧ ಗಂಟೆಯಲ್ಲಿ ಪೊಲೀಸ್ ಜೀಪು ಬಂತು. ನಿನ್ನೆ ನಾಲ್ಕು ಬೆರಳು ಹೋದಾಗ ಯಾರೂ ಬಂದಿರಲಿಲ್ಲ. ಲಿಖಿತ್ ಒದ್ದೆ ಪ್ಯಾಂಟಿನಲ್ಲಿ ಗೋಡೆಗೆ ಒರಗಿ ನಿಂತಿದ್ದ.

"ಮೊದ್ಲು ಕೈ ಮಾಡಿದ್ದು ಯಾರು?" ಅಂದರು ಸಬ್ ಇನ್‌ಸ್ಪೆಕ್ಟರ್. "ಹೆಸರು ಹೇಳಿ."

ಸಹಾಯಮೇರಿ ಎದ್ದು, ಡಬ್ಬ ತಂದು ಅವರ ಮುಂದೆ ಹಿಡಿದಳು.

"ಎತ್ತಿ ಸಾರ್. ಹದಿನೆಂಟು ಹೆಸ್ರದೆ. ಯಾರ್ದು ಬರ್ತದೋ ಅವ್ರನ್ನ ಒಳಗೆ ಹಾಕಿ. ನಮ್ಮಲ್ಲಿ ನ್ಯಾಯ ಇಂಗೇ."

ತಮಾಷೆಯೋ ನಿಜವೋ ತಿಳಿಯದೆ ಸಬ್ ಇನ್‌ಸ್ಪೆಕ್ಟರ್ ಡಬ್ಬಕ್ಕೆ ಕೈ ಹಾಕಿದರು.

"ಬೇಡ ಸಾರ್!" ಲಿಖಿತ್ ಗೋಡೆ ಬಿಟ್ಟು ಓಡಿಬಂದ. "ಎತ್ತಬೇಡಿ! ಅದರಲ್ಲಿ ನನ್ನ ಹೆಸರಿದೆ! ಇದು ಅನ್ಯಾಯ ಸಾರ್!"

ಮೊದಲು ನಕ್ಕವನು ಚಿಕ್ಕಮಾದಯ್ಯ. ಆಮೇಲೆ ಹದಿನೇಳೂ ಜನ ನಗುತ್ತಲೇ ಜೀಪಿನ ಕಡೆ ನಡೆದರು. ಅಷ್ಟು ಜನ ಅದರಲ್ಲಿ ಹಿಡಿಯಲಿಲ್ಲ. ಇನ್ನೊಂದು ಜೀಪು ತರಿಸಿ ಎಂದು ಹೇಳಿ, ಗೇಟಿನ ಹತ್ತಿರ ಸಾಲಾಗಿ ನಿಂತರು.